ಬಾಸಿಯಲ್ಲ, ಬಿಸಿ

ಭಾನುವಾರ ಬೆಳಗಿನ ಎಂಟು ಗಂಟೆ. ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನನ್ನ ಮಟನ್ ಅಂಗಡಿಯ ಗಿರಾಕಿಗಳ ಸಾಲು ರಸ್ತೆಗೆ ಇಳಿದಿತ್ತು. ಒಂದು ಬಿಳಿ ಕಾರು ಬಂದು ನಿಂತಿತು. ಕಿಟಕಿಯ ಗಾಜು ಅರ್ಧ ಇಳಿಯಿತು. ಒಳಗಿದ್ದವರು ಇಡೀ ಸಾಲಿಗೆ ಕೇಳುವಂತೆ ಹೇಳಿದರು:

"ನಿನ್ನ ಭೇಜಾ ಬಾಸಿ ಅಂತ ರಿಜಿಸ್ಟರಿನಲ್ಲಿ ಬರೆದಿದ್ದೇನೆ. ಇನ್ನು ಮುಂದೆ ತರಬೇಡ."

ಗಾಜು ಏರಿತು, ಕಾರು ಹೋಯಿತು. ಅವರು ಹತ್ತಿರದ ಒಂದು ಸಂಶೋಧನಾ ಸಂಸ್ಥೆಯ ಸ್ಟೋರ್ಸ್ ಅಧಿಕಾರಿ. ಆ ಸಂಸ್ಥೆಯ ಪ್ರಯೋಗಾಲಯಕ್ಕೆ ನಾನು ಮೂರು ತಿಂಗಳಿಂದ ಆಡಿನ ಮಿದುಳು ಕೊಡುತ್ತಿದ್ದೆ. ಹೈದರಾಬಾದಿನಲ್ಲಿ ಮಿದುಳನ್ನು ಭೇಜಾ ಎನ್ನದಿದ್ದರೆ ಯಾರಿಗೂ ತಿಳಿಯುವುದಿಲ್ಲ, ನಾನೂ ಹಾಗೆಯೇ ಬರೆಯುತ್ತೇನೆ. ಅಧಿಕಾರಿಯ ಮಾತು ತೆಲುಗು, ನಡುನಡುವೆ ಹಿಂದಿ. ಬೇರೆಲ್ಲವನ್ನೂ ಕನ್ನಡಕ್ಕೆ ತಂದಿದ್ದೇನೆ. ಆ ಒಂದು ಪದವನ್ನು ಮಾತ್ರ ಅವರು ಹೇಳಿದ ಹಾಗೆಯೇ ಬಿಟ್ಟಿದ್ದೇನೆ. ಬಾಸಿ ಎಂದರೆ ಹಳಸಿದ್ದು, ನಿನ್ನೆಯದು. ಮಾಂಸ ಮಾರುವವನಿಗೆ ಅದಕ್ಕಿಂತ ಕೀಳಾದ ಬೈಗುಳ ಇನ್ನೊಂದಿಲ್ಲ.

ಸಾಲಿನಲ್ಲಿ ಎದುರಿಗಿದ್ದ ಹಳೆಯ ಗಿರಾಕಿ, ರೈಲ್ವೆಯಿಂದ ನಿವೃತ್ತರಾದ ನಮ್ಮ ಕಡೆಯ ಹಿರಿಯರು, ತೂಕಕ್ಕೆ ಹಾಕಿದ ಮಾಂಸವನ್ನು ಹಿಂಗೈಯಿಂದ ಒಮ್ಮೆ ಮುಟ್ಟಿ ನೋಡಿದರು. ಹನ್ನೆರಡು ವರ್ಷದಲ್ಲಿ ಅವರು ಹಾಗೆ ಮುಟ್ಟಿದ್ದು ಅದೇ ಮೊದಲು.

"ಏನ್ ಮುಟ್ಟಿ ನೋಡ್ತೀರಿ ಕಾಕಾ?" ಎಂದೆ.

"ಏನಿಲ್ಲಪಾ, ಸುಮ್ನ," ಎಂದರು. ಆ "ಸುಮ್ನ" ನನ್ನ ಎದೆಯಲ್ಲಿ ಮುಳ್ಳಿನಂತೆ ನಿಂತಿತು.

ನಾನು ಬೀದರ ಕಡೆಯವನು. ಐದನೆಯ ತರಗತಿಯ ನಡುವೆ ಶಾಲೆ ಬಿಟ್ಟು ಸೋದರಮಾವನ ಅಂಗಡಿಗೆ ಬಂದೆ. ಬಿಡಿಸಿದರು ಎಂದು ಹೇಳಿ ಯಾರ ಕರುಣೆಯನ್ನೂ ಗಿಟ್ಟಿಸಲಾರೆ, ನಾನೇ ಬಿಟ್ಟೆ. ಆಮೇಲೆ ಕಲಿತದ್ದೆಲ್ಲ ಕೈಯಿಂದ. ಆಡಿನ ತಲೆಬುರುಡೆಗೆ ಎಲ್ಲಿ, ಎಷ್ಟು ಏಟು ಕೊಟ್ಟರೆ ಭೇಜಾ ಒಂದು ಗೀರೂ ಇಲ್ಲದೆ ಇಡಿಯಾಗಿ ಅಂಗೈಗೆ ಬರುತ್ತದೆ ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ನನ್ನ ಕೈ ಹೇಳುತ್ತದೆ. ಈ ಭೇಜಾದ ಕಥೆ ನಡೆದ ಕಾಲಕ್ಕೆ ಮಾದಾಪುರದ ಕಡೆ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗರು ನಮ್ಮ ಗಲ್ಲಿಯಲ್ಲೂ ಬಾಡಿಗೆಗೆ ಬಂದಿದ್ದರು. ಅವರಿಗೆಂದೇ ಮಾದಾಪುರದಲ್ಲೊಂದು ಏಸಿ ಮಾಂಸದ ಅಂಗಡಿ ತೆರೆದಿತ್ತು. ಪ್ಲಾಸ್ಟಿಕ್ ತಟ್ಟೆ, ಮೇಲೆ ತಾರೀಖಿನ ಚೀಟಿ, ಒಳಗೆ ಕಲ್ಲಿನಂತೆ ಹೆಪ್ಪುಗಟ್ಟಿದ ಮಾಂಸ. ಅಂಥ ಹುಡುಗನೊಬ್ಬ ಒಮ್ಮೆ, "ಅಂಕಲ್, ನಿಮ್ಮ ಮಟನ್ ಮೇಲೆ ಡೇಟ್ ಯಾಕಿಲ್ಲ?" ಎಂದು ಕೇಳಿದ. "ಇಲ್ಲಿರೋದಕ್ಕೆಲ್ಲ ಇವತ್ತೇ ಡೇಟು," ಎಂದೆ. ನನ್ನ ಅಂಗಡಿಯಲ್ಲಿ ಐಸ್ ಇರಲಿಲ್ಲ. ಬೆಚ್ಚಗಿನ ಮಾಂಸವೆಂದರೆ ತಾಜಾ ಮಾಂಸ. ಐಸ್ ಇಡುವವನು ಏನನ್ನೋ ಮುಚ್ಚಿಡುತ್ತಿದ್ದಾನೆ. ನಮ್ಮ ಕಸುಬಿನಲ್ಲಿ ಇದಕ್ಕೆ ಎರಡನೆಯ ಮಾತಿಲ್ಲ.

ಅಂಥ ಅಂಗಡಿಗೆ ಮೂರು ತಿಂಗಳ ಹಿಂದೆ ಒಬ್ಬ ಹುಡುಗಿ ಥರ್ಮೋಕೋಲ್ ಡಬ್ಬಿಯ ತುಂಬ ಐಸ್ ಹಿಡಿದುಕೊಂಡು ಬಂದಿದ್ದಳು. ಹಿಂದಿಯಲ್ಲಿ ಮಾತು ಶುರು ಮಾಡಿದವಳು, ಫೋನಿನಲ್ಲಿ ನಾನು ಹೆಂಡತಿಗೆ ಏನೋ ಹೇಳಿದ್ದು ಕಿವಿಗೆ ಬಿದ್ದದ್ದೇ ತಡ, ಮುಖ ಅರಳಿಸಿದಳು.

"ಅಯ್ಯ, ನೀವು ನಮ್ಮವ್ರೇನ್ರಿ!"

"ಯಾವೂರವ್ವಾ ನಿಂದು?"

"ಇಲ್ಲೇ ನಾರಾಯಣಗೂಡಾರಿ. ನಮ್ಮ ಮುತ್ತ್ಯಾ ಕಲಬುರ್ಗಿಯಿಂದ ಸರ್ಕಾರಿ ನೌಕರಿಗೆ ಬಂದವರು, ಇಲ್ಲೇ ಉಳಕೊಂಡ್ರು. ಅಣ್ಣಾರ, ನನಗ ಹನ್ನೆರಡು ಭೇಜಾ ಬೇಕ್ರಿ."

"ಹನ್ನೆರಡಾ? ಮನ್ಯಾಗ ಏನು ಕಾರ್ಯ ಐತಿ?"

"ತಿನ್ನಾಕಲ್ರಿ! ನಾವು ತಿನ್ನೂ ಮಂದಿ ಅಲ್ಲ. ಲ್ಯಾಬಿನ ಕೆಲಸಕ್ಕ. ನಾ ಇದನ್ನ ಮುಟ್ಟತೀನಿ ಅಂತ ನಮ್ಮವ್ವಗ ಗೊತ್ತಾದ್ರ, ಬಾಗಲದಾಗ ನಿಲ್ಲಿಸಿ ಮೈಮ್ಯಾಲ ಕೊಡ ನೀರು ಸುರೀತಾಳ."

ಅವಳು ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಹೇಗೆ ಕೊಡಬೇಕು ಎಂದು ಬೆರಳು ಮಡಚಿ ಮಡಚಿ ಹೇಳಿದಳು. ಕಡಿದ ಕೂಡಲೆ ತೆಗೆಯಬೇಕು, ತೆಗೆದ ಕೂಡಲೆ ಐಸಿನಲ್ಲಿ ಇಡಬೇಕು, ಭಾಳ ಭಾಳ ಫ್ರೆಶ್ ಇರಬೇಕು. ನಾನು ಕೊನೆಯ ಮಾತನ್ನು ಮಾತ್ರ ಕೇಳಿಸಿಕೊಂಡೆ. ಫ್ರೆಶ್ಶೂ ಬೇಕು, ಐಸೂ ಬೇಕು ಎನ್ನುತ್ತಾಳೆ. ಪಾಪ, ಮಾಂಸ ತಿನ್ನದ ಮನೆಯ ಹುಡುಗಿ, ಇವಳಿಗೇನು ಗೊತ್ತು ಎಂದುಕೊಂಡೆ.

ಆಗ ನಾನು ಮಾಡಿದ್ದನ್ನು ಮರೆಮಾಚದೆ ಬರೆಯುತ್ತೇನೆ. ಹನ್ನೆರಡು ಆಡಿನ ಭೇಜಾ ತೆಗೆದು ಮುಗಿಸಲು ಒಂದು ತಾಸು ಹಿಡಿಯುತ್ತಿತ್ತು. ಒಂದೊಂದಾಗಿ ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಗೆ ಕಂಬಳಿಯ ತುಂಡು ಸುತ್ತಿ, ಬಿಸಿ ಆರದಂತೆ ಬಿಗಿಯಾಗಿ ಕಟ್ಟುತ್ತಿದ್ದೆ. ಸ್ಕೂಟರಿನ ಮುಂದೆ ಕಂಬಳಿಯ ಡಬ್ಬಿ, ಹಿಂದೆ ಅವಳ ಐಸ್ ಡಬ್ಬಿ. ಸಂಸ್ಥೆಯ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ಕಂಬಳಿ ಬಿಚ್ಚಿ, ಸ್ಟೀಲ್ ಡಬ್ಬಿಯನ್ನು ಐಸಿನೊಳಗೆ ಇಳಿಸಿ ಮುಚ್ಚಳ ಹಾಕಿ ಕೊಡುತ್ತಿದ್ದೆ. ಮೂರು ತಿಂಗಳಲ್ಲಿ ಮೂರು ಸಲ ಹೀಗೆ ಕೊಟ್ಟೆ. ಮೋಸ ಎಂದು ಒಂದು ಕ್ಷಣವೂ ಅನಿಸಲಿಲ್ಲ. ಅವಳು ಕೇಳಿದ್ದಕ್ಕಿಂತ ಒಳ್ಳೆಯದನ್ನು ಕೊಡುತ್ತಿದ್ದೇನೆ ಎಂಬ ಗರ್ವವೇ ಇತ್ತು.

ಅದಕ್ಕೇ ಆ ಭಾನುವಾರದ ಮಾತು ನನ್ನನ್ನು ಸುಟ್ಟಿತು. ಸೋಮವಾರ ಅಂಗಡಿ ತೆರೆಯಲಿಲ್ಲ. ಒಗೆದ ಅಂಗಿ ಹಾಕಿಕೊಂಡು ನೇರ ಸಂಸ್ಥೆಗೆ ಹೋದೆ. ಆ ಪದವನ್ನು ಹೊಡೆದು ಹಾಕಿಸದೆ ಮರಳಬಾರದು ಎಂದು ಹಟ ತೊಟ್ಟಿದ್ದೆ. ಗೇಟಿನವನು ಒಳಗೆ ಬಿಡಲಿಲ್ಲ. ಅರ್ಧ ತಾಸು ಅಲ್ಲೇ ನಿಂತೆ. ಕೊನೆಗೆ ಆ ಹುಡುಗಿಯೇ ಬಂದು ಕರೆದುಕೊಂಡು ಹೋದಳು. ಅವಳ ಕಣ್ಣುಗಳು ಕೆಂಪಾಗಿದ್ದವು.

"ಬಾಸಿ ಅಂತ ನೀನೂ ಅಂದೀಯೇನವ್ವಾ?"

"ನಾ ಅಂದಿಲ್ರಿ ಅಣ್ಣಾರ. ನಾ ಬರೇ ಕಟ್ಟವಲ್ಲವು ಅಂದೆ. ಮೂರು ಸಲ ಆತು, ಕಟ್ಟವಲ್ಲವು. ಬಾಸಿ ಅಂತ ಬರಕೊಂಡವರು ಸ್ಟೋರ್ಸಿನವರು. ನಮ್ಮ ಗೈಡ್ ಸರ್ ಅಂತೂ ನನಗ ಕೈಕೆಲಸ ಬರೂದಿಲ್ಲ ಅನ್ನಾಕತ್ತಾರ."

"ಏನು ಕಟ್ಟವಲ್ಲವು?"

ಅವಳು ನನ್ನನ್ನು ಒಂದು ಮೇಜಿನ ಬಳಿ ನಿಲ್ಲಿಸಿದಳು. ಐಸ್ ತುಂಬಿದ ಬೋಗುಣಿಯಲ್ಲಿ ಕಿರುಬೆರಳಿಗಿಂತ ಚಿಕ್ಕದಾದ ಒಂದು ನಳಿಕೆ ನಿಂತಿತ್ತು. ಒಳಗೆ ನೀರಿನಂಥ ತಿಳಿ. ಬೇರೆ ಊರಿನ ಗೆಳತಿಯ ಪ್ರಯೋಗಾಲಯದಿಂದ ಕಾಡಿ ಬೇಡಿ ತರಿಸಿಕೊಂಡದ್ದು, ಇನ್ನು ಇಷ್ಟೇ ಉಳಿದಿದೆ ಎಂದಳು.

"ಭೇಜಾದ ನರದಾಗ ಪ್ರೋಟೀನಿನ ಸಣ್ಣ ಸಣ್ಣ ಇಟ್ಟಂಗಿ ಅದಾವ್ರಿ, ಕಣ್ಣಿಗೆ ಕಾಣದಷ್ಟು ಸಣ್ಣವು. ಅವು ಒಂದಕ್ಕೊಂದು ಹೊಂದಿಕೊಂಡು ಉದ್ದಾನೆ ಎಳಿ ಆಗ್ತಾವ, ಒಳಗ ಟೊಳ್ಳು, ಕೊಳವಿ ಇದ್ದಂಗ. ಆ ಎಳಿಗಳ ಮ್ಯಾಲೇ ನರ ನಿಂತಿರತಾವ. ತಣ್ಣಗಿದ್ರ ಬಿಚ್ಚಿ ಇಟ್ಟಂಗಿ ಆಗ್ತಾವ, ಬೆಚ್ಚಗಾದ್ರ ಮತ್ತ ಕಟ್ಟಿಕೊಂತಾವ. ಹಿಡೀರಿ, ಮುಷ್ಟಿ ಕಟ್ರಿ."

ನಳಿಕೆಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿಸಿದಳು. ಗೋಡೆಯ ಗಡಿಯಾರ ನೋಡುತ್ತ ನಿಂತೆವು. ಹದಿನೈದು ನಿಮಿಷವಾದರೂ ಆಗಿರಬೇಕು. "ತೆಗೀರಿ," ಎಂದಳು. ತಿಳಿಯಾಗಿದ್ದದ್ದು ಅಕ್ಕಿ ತೊಳೆದ ನೀರಿನಂತೆ ಮಸುಕಾಗಿತ್ತು. ಮತ್ತೆ ಐಸಿನಲ್ಲಿಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೆ ತಿಳಿ.

"ಯಾರು ಕಟ್ಟಿದ್ರು?" ಎಂದೆ.

"ಯಾರೂ ಇಲ್ರಿ. ನಿಮ್ಮ ಕೈ ಬಿಸಿ ಸಿಕ್ತು, ತಾವ ಕಟ್ಟಿಕೊಂಡ್ವು."

"ಹಂಗೆಲ್ಲ ಹೇಳಬ್ಯಾಡ. ಮಾದಾಪುರಕ್ಕ ಹೋಗಿ ನೋಡು, ನಮ್ಮೂರ ಮಂದಿ ತಲಿಮ್ಯಾಲ ಬುಟ್ಟಿ ಹೊತ್ತಿದ್ದಕ್ಕ ಆ ಬಿಲ್ಡಿಂಗು ಎದ್ದಾವ. ತಾವ ಎದ್ವೇನು?"

ಅವಳು ನಕ್ಕಳು. "ಅಲ್ಲಿ ಇಟ್ಟಂಗಿ ಬ್ಯಾರೆ, ಕೆಲಸದವ ಬ್ಯಾರೆ. ಇಲ್ಲಿ ಇಟ್ಟಂಗೀನ ಕೆಲಸದವ. ನೀರಿನ್ಯಾಗ ಸುಮ್ನ ನಿಂದರೂದಿಲ್ರಿ ಅವು, ಬಿಸಿ ಇದ್ದಷ್ಟೂ ಹೊಯ್ದಾಡತಾವ, ಒಂದಕ್ಕೊಂದು ಬಡೀತಾವ. ಪಕ್ಕಕ್ಕ ಪಕ್ಕ ಸರಿ ಕೂತ್ರ ಹಿಡಕೊಂತಾವ, ಇಲ್ಲಾಂದ್ರ ಬಿಟ್ಟು ಹೋಗ್ತಾವ. ಮೇಸ್ತ್ರಿ ಇಲ್ಲ, ನಕ್ಷೆ ಇಲ್ಲ."

ಕೆಲಸ ಮಾಡುವವನಿಲ್ಲದೆ ಕೆಲಸವಾಗುತ್ತದೆ ಎಂದಿದ್ದರೆ ನಾನು ಈಗಲೂ ಒಪ್ಪುತ್ತಿರಲಿಲ್ಲ. ಇಟ್ಟಿಗೆಯೇ ಕೆಲಸಗಾರ ಎಂದದ್ದಕ್ಕೆ ಒಪ್ಪಿದೆ. ನಮ್ಮ ಮಂದಿ ಈ ಊರಿಗೆ ಬಂದದ್ದೂ ಹಾಗೆಯೇ. ಯಾರೂ ತಂದು ನಿಲ್ಲಿಸಲಿಲ್ಲ, ಅಲೆದಾಡಿ, ಬಡಿದಾಡಿ, ಹೊಂದಿದ ಕಡೆ ಹಿಡಿದುಕೊಂಡೆವು.

ಎಳೆ ಕಟ್ಟುವುದು ಮೊದಲ ಮೆಟ್ಟಿಲಷ್ಟೇ, ತನ್ನ ಕೆಲಸ ಅದರ ಆಚೆಗಿನದು ಎಂದು ಅವಳು ವಿವರಿಸಿದಳು. ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಬೇರೆ ಪ್ರೋಟೀನುಗಳಿವೆಯಂತೆ. ಬೆಸುಗೆ ಗಿಡ್ಡ ಮತ್ತು ಬಿರುಸಾಗಿದ್ದರೆ ಎಳೆಗಳು ಪಕ್ಕಕ್ಕೆ ಪಕ್ಕ ಒತ್ತಿಕೊಂಡು ಜೋಳದ ಸಿವುಡಿನಂತೆ ಕಟ್ಟಾಗುತ್ತವೆ. ಉದ್ದ ಮತ್ತು ಸಡಿಲವಾಗಿದ್ದರೆ ಅಡ್ಡಾದಿಡ್ಡಿ ಹಿಡಿದುಕೊಂಡು ಬಲೆಯಾಗುತ್ತವೆ. ಎಳೆ ಎಷ್ಟು ಉದ್ದ, ಎಷ್ಟು ದಟ್ಟ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅದೇ ಎಳೆ, ಒಮ್ಮೆ ಕಟ್ಟು, ಒಮ್ಮೆ ಬಲೆ. ಯಾವಾಗ ಯಾವುದು ಎಂಬುದೇ ಅವಳ ಪ್ರಶ್ನೆ.

"ಇದನ್ನ ನಾ ದಿನಾ ನೋಡತೀನಲ್ಲ," ಎಂದೆ. "ಮೊಣಕಾಲಿನ ಮಾಂಸ ಎಳಿ ಎಳಿಯಾಗಿ ಸಿವುಡು ಕಟ್ಟಿದಂಗ ಇರತದ. ಎಳಿ ಹಿಡದು ಕೊಯ್ದ್ರ ಹಗ್ಗ, ಅಡ್ಡ ಕೊಯ್ದ್ರ ಮೆತ್ತಗ. ಹೊಟ್ಟಿಮ್ಯಾಲಿನ ಕೊಬ್ಬು ನೋಡು, ಜಾಳಿಗಿ ಇದ್ದಂಗ. ಜಗ್ಗೂ ಕಡೆ ಸಿವುಡು ಬೇಕು, ಮುಚ್ಚೂ ಕಡೆ ಜಾಳಿಗಿ ಬೇಕು."

ಅವಳು ಪೆನ್ನು ಕೈಗೆತ್ತಿಕೊಂಡಳು. "ಅವು ಬ್ಯಾರೆ ಎಳಿ ಅಣ್ಣಾರ, ಇವುಗಳ ಮುಂದ ಭಾಳ ದಪ್ಪ. ಆದ್ರ ಜಗ್ಗೂ ಕಡೆ, ಮುಚ್ಚೂ ಕಡೆ ಅಂದ್ರಲ್ಲ, ಅದನ್ನ ನಾ ಬರಕೊಂತೀನಿ."

ಆ ಹೊತ್ತಿಗೆ ನನಗೆ ಬಂದ ಕೆಲಸವೇ ಮರೆತಿತ್ತು. ನೆನಪಾದದ್ದು ಅವಳ ಮುಂದಿನ ಮಾತಿಗೆ.

"ಅದಕ್ಕ ಐಸ್ ಬೇಕು ಅಂದದ್ರಿ. ಜೀವ ಹೋದ ಕೂಡಲೆ ಒಳಗಿನ ಕತ್ತರಿಗಳು, ಅವೂ ಒಂದು ಥರದ ಪ್ರೋಟೀನ್ರಿ, ಕೆಲಸ ಶುರು ಮಾಡ್ತಾವ, ಇಟ್ಟಂಗಿ ಕತ್ತರಿಸಿ ಹಾಕ್ತಾವ. ತಂಪು ತಟ್ಟಿದ್ರ ಕತ್ತರಿ ಕೈ ಮರಗಟ್ಟತದ. ಇಲ್ಲಾ ಅಂದ್ರ ಒಂದು ತಾಸಿನ್ಯಾಗ ಎಲ್ಲಾ ಹಾಳು. ನೀವಂತೂ ಐಸಿನ್ಯಾಗೇ ಇಟ್ಟು ಕೊಡತೀರಿ. ಮತ್ತ ಯಾಕ ಹಿಂಗಾಗಾಕತ್ತದ ಅಂತ ನನಗ ತಿಳೀವಲ್ಲದು. ನನ್ನ ಕೈಯಾಗೇ ಏನೋ ತಪ್ಪದ."

ನಾನು ಕೊಟ್ಟದ್ದು ಹಳಸಿರಲಿಲ್ಲ, ಅದು ನಿಜ. ಕಂಬಳಿಯೊಳಗೆ ಒಂದು ತಾಸಿಗೂ ಮಿಕ್ಕಿ ಬೆಚ್ಚಗೆ ಕುಳಿತಿತ್ತು, ಅದೂ ನಿಜ. ಮೊದಲನೆಯದನ್ನು ಸಾಬೀತು ಮಾಡಬೇಕಾದರೆ ಎರಡನೆಯದನ್ನು ಬಾಯಿ ಬಿಟ್ಟು ಹೇಳಬೇಕು. ಸುಮ್ಮನಿದ್ದರೆ ನನ್ನ ತಪ್ಪು ಯಾರಿಗೂ ತಿಳಿಯುವುದಿಲ್ಲ. ಆದರೆ ನನ್ನ ಮೇಲೆ "ಬಾಸಿ" ಉಳಿಯುತ್ತದೆ, ಅವಳ ಮೇಲೆ "ಕೈಕೆಲಸ ಬರುವುದಿಲ್ಲ" ಉಳಿಯುತ್ತದೆ.

ಅಷ್ಟರಲ್ಲಿ ಸ್ಟೋರ್ಸ್ ಸಾಹೇಬರು ಒಳಗೆ ಬಂದರು. "ಇವನನ್ನು ಯಾರು ಬಿಟ್ಟರು? ಮಾದಾಪುರದ ಅಂಗಡಿಗೆ ಹೇಳಿಯಾಗಿದೆ. ಅವರ ಹತ್ತಿರ ಫ್ರೀಜರ್ ಇದೆ, ಬಿಲ್ಲಿದೆ."

"ಅವ್ವಾ," ಎಂದೆ ಹುಡುಗಿಯ ಕಡೆ ತಿರುಗಿ, "ಅದು ಬಾಸಿ ಅಲ್ಲ, ಬಿಸಿ."

"ಏನಂದ್ರಿ?"

ಕಂಬಳಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಕನ್ನಡದಲ್ಲಿ ಅವಳಿಗೆ, ತೆಲುಗಿನಲ್ಲಿ ಅವರಿಗೆ. ಸಾಹೇಬರು ನಗತೊಡಗಿದರು. ಅವಳು ನಗಲಿಲ್ಲ.

"ಮೂರು ತಿಂಗಳು ರಿ!" ಎಂದಳು. "ಮೂರು ತಿಂಗಳು ನಾ ಊಟ ಬಿಟ್ಟು ಇಲ್ಲಿ ನಿಂತೀನಿ. ನಾ ಹೇಳಿದ್ದು ನಿಮಗ ಕೇಳಸಲಿಲ್ಲೇನು?"

"ಕೇಳಸಿತ್ತು. ನಿನಗೇನು ಗೊತ್ತು ಅಂದುಕೊಂಡೆ."

"ಯಾಕ? ತಿನ್ನೂದಿಲ್ಲ ಅಂತನಾ?"

"ಹೂಂ. ತಿನ್ನೂದಿಲ್ಲ ಅಂತ."

ತಲೆ ತಗ್ಗಿಸಿ ನಿಲ್ಲುವ ಅಭ್ಯಾಸ ನನಗಿಲ್ಲ. ಸಾಹೇಬರಿಗೆ ಹೇಳಿದೆ: "ನಾಳೆ ಮಾದಾಪುರದವರಿಂದಲೂ ತರಿಸಿ, ನಾನೂ ತರುತ್ತೇನೆ. ಈ ಸಲ ಇವಳು ಹೇಳಿದ ಹಾಗೆ. ಎರಡನ್ನೂ ಇವಳ ಕೈಗೆ ಕೊಡಿ. ನಳಿಕೆ ಹೇಳಲಿ ಯಾರದ್ದು ಬಾಸಿ ಅಂತ."

ಮರುದಿನ ನಸುಕಿನಲ್ಲಿ ನನ್ನ ಕತ್ತಿಯ ಪಕ್ಕದಲ್ಲೇ ಐಸ್ ಡಬ್ಬಿ ಬಾಯಿ ತೆರೆದು ಕುಳಿತಿತ್ತು. ಭೇಜಾ ಅಂಗೈಗೆ ಬಿದ್ದದ್ದೇ ಐಸಿಗೆ. ಪ್ರತಿ ಸಲ ಕೈ ಒಂದು ಕ್ಷಣ ಹಿಂಜರಿಯಿತು, ಪ್ರತಿ ಸಲ ಅದನ್ನು ಗದರಿಸಿದೆ. ಬೆಳಗ್ಗೆ ಏಳಕ್ಕೆ ಅವಳ ಕೈಗೆ ಒಪ್ಪಿಸಿದೆ. ಮಾದಾಪುರದ್ದು ಹತ್ತಕ್ಕೆ ಬಂತು, ಒಳ್ಳೆಯ ತಟ್ಟೆಯಲ್ಲಿ, ತಾರೀಖು ಹೊತ್ತು.

ಇಡೀ ದಿನ ಹಿಡಿಯಿತು. ಅರೆಯುವುದು, ಗರಗರ ತಿರುಗುವ ಯಂತ್ರಕ್ಕೆ ಹಾಕುವುದು, ತಂಪು ಮಾಡುವುದು, ಬೆಚ್ಚಗೆ ಮಾಡುವುದು, ಮತ್ತೆ ತಂಪು. ಬೆಚ್ಚಗಾದಾಗ ಇಟ್ಟಿಗೆಗಳು ಎಳೆ ಕಟ್ಟಿಕೊಂಡು ತಳಕ್ಕಿಳಿಯುತ್ತವೆ, ಮೇಲಿನ ಕಸ ಚೆಲ್ಲುತ್ತಾರೆ. ತಣ್ಣಗಾದಾಗ ಬಿಚ್ಚಿಕೊಂಡು ಮೇಲೇಳುತ್ತವೆ, ತಳದ ಕಸ ಚೆಲ್ಲುತ್ತಾರೆ. ಕಟ್ಟಿ, ಬಿಚ್ಚಿ, ಕಟ್ಟಿಯೇ ಸೋಸುವ ಕೆಲಸ. ನಾನು ಹೊರಗಿನ ಬೆಂಚಿನ ಮೇಲೆ ಕುಳಿತೇ ಇದ್ದೆ. ಮಧ್ಯಾಹ್ನ ಅವಳು ತನ್ನ ಡಬ್ಬಿಯ ಅರ್ಧ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟಳು. ಇನ್ನೂ ಸಿಟ್ಟಿತ್ತು, ಕೊಟ್ಟು ತಿರುಗಿ ಹೋದಳು. ತಿಂದೆ.

ಸಂಜೆ ಎರಡು ನಳಿಕೆ ತಂದು ನನ್ನ ಎರಡು ಕೈಗೆ ಕೊಟ್ಟಳು. ಯಾವುದು ಯಾರದ್ದೆಂದು ಹೇಳಲಿಲ್ಲ. ಸಾಹೇಬರೂ ಅಲ್ಲೇ ನಿಂತಿದ್ದರು. ಮುಷ್ಟಿ ಬಿಗಿಹಿಡಿದು ನಿಂತೆ. ಅಷ್ಟು ಬಿಗಿಯಾಗಿ ಜೀವನದಲ್ಲಿ ಕತ್ತಿಯನ್ನೂ ಹಿಡಿದಿರಲಿಲ್ಲ. ಬಿಚ್ಚಿದಾಗ ಎಡಗೈಯದು ತಿಳಿಯಾಗಿಯೇ ಇತ್ತು. ಬಲಗೈಯದು ಬೆಳ್ಳಗೆ ಮಂಜು ಕವಿದಂತೆ.

"ಬಲಗೈ ನಿಮ್ಮದು," ಎಂದಳು.

ಕತ್ತಲೆ ಕೋಣೆಯಲ್ಲಿ ಕಂಪ್ಯೂಟರಿನ ತೆರೆಯ ಮೇಲೆ ತೋರಿಸಿದಳು. ಕಪ್ಪಿನಲ್ಲಿ ಕೂದಲೆಳೆಯಂಥ ಬಿಳಿ ಗೆರೆಗಳು ಮೆಲ್ಲಗೆ ತೊನೆಯುತ್ತಿದ್ದವು. ಬೆಸೆಯುವ ಪ್ರೋಟೀನಿನ ಒಂದು ಹನಿ ಸೇರಿಸಿದ್ದರಲ್ಲಿ ಗೆರೆಗಳು ಒತ್ತೊತ್ತಾಗಿ ಸೇರಿ ದಪ್ಪ ಕಟ್ಟುಗಳಾಗಿದ್ದವು. ಇನ್ನೊಂದು ಬಗೆಯದನ್ನು ಸೇರಿಸಿದ್ದರಲ್ಲಿ ತೆರೆಯ ತುಂಬ ಬಲೆ. ನಾನು ಕಡಿದ ಆಡಿನವು ಅವು. ಯಾರೂ ಮುಟ್ಟದೆ, ಯಾರೂ ಹೇಳದೆ ತಾವೇ ಕಟ್ಟಿಕೊಂಡಿದ್ದವು.

ಹೊರಗೆ ಬಂದು ಸಾಹೇಬರಿಗೆ, "ರಿಜಿಸ್ಟರ್ ತೆಗೀರಿ," ಎಂದೆ.

ಅವರು ಒಳ್ಳೆಯ ಮಾತಿನಲ್ಲೇ ಹೇಳಿದರು: "ಆಯಿತಪ್ಪ, ನಿನ್ನದೇ ಚೆನ್ನಾಗಿದೆ. ಆರ್ಡರ್ ನಿನಗೇ ಇರಲಿ. ಹಳೆಯದನ್ನು ಮರೆತುಬಿಡು. ಬರೆದದ್ದನ್ನು ಹೊಡೆದು ಹಾಕುವ ಹಾಗಿಲ್ಲ, ಆಡಿಟ್ ಇದೆ."

"ಹೊಡೆದು ಹಾಕಬೇಡಿ. ಕೆಳಗೆ ಬರೆಯಿರಿ. ತಂದದ್ದು ಅವತ್ತಿನದೇ, ಹಳಸಿರಲಿಲ್ಲ. ಐಸಿನಲ್ಲಿ ಇಡು ಎಂದಿದ್ದರು, ಅಂಗಡಿಯವನು ಸೊಕ್ಕಿನಿಂದ ಇಡಲಿಲ್ಲ. ತಪ್ಪು ಅವನದು, ಹುಡುಗಿಯದಲ್ಲ."

ಅವರು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದರು. "ಬಾಸಿ ಎಂದರೆ ಒಂದು ದಿನದ ಮಾಲು ಕೆಟ್ಟಿತ್ತು ಎಂದಷ್ಟೇ. ಬೇಕೆಂದೇ ಮಾತು ಮೀರಿದ ಎಂದು ನಾನೇ ಕೈಯಾರೆ ಬರೆದರೆ, ನಿಯಮದ ಪ್ರಕಾರ ನಿನಗೆ ಆರ್ಡರ್ ಕೊಡುವ ಹಾಗಿಲ್ಲ. ತಿಳಿಯಿತೇ?"

ಹುಡುಗಿ ನನ್ನ ತೋಳು ಹಿಡಿದಳು. "ಬಿಡ್ರಿ ಅಣ್ಣಾರ. ಯಾವನು ಓದ್ತಾನ ಆ ರಿಜಿಸ್ಟರ್?"

"ಓದಲಿ ಬಿಡಲಿ. ನಾ ಮಾಡಿದ ತಪ್ಪು ಬರೀಲಿ, ಹೊತ್ಕೊಂತೀನಿ. ಮಾಡದ ತಪ್ಪು ಹೊರೂದಿಲ್ಲ."

ಸಾಹೇಬರು ಬರೆದರು. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಅವಳಿಂದ ಓದಿಸಿ, ಕನ್ನಡದಲ್ಲಿ ಹೇಳಿಸಿ, ಒಂದು ಪದವೂ ತಪ್ಪಿಲ್ಲವೆಂದು ಖಾತ್ರಿಯಾದ ಮೇಲೆ ಕೆಳಗೆ ಸಹಿ ಹಾಕಿದೆ. ಆರ್ಡರ್ ಅಲ್ಲಿಗೆ ಮುಗಿಯಿತು.

ಗೇಟಿನವರೆಗೆ ಅವಳು ಜೊತೆಗೆ ಬಂದಳು. "ಹೆಸರು ಉಳಿಸಿಕೊಂಡ್ರಿ, ಭಾಳ ಚಲೋ ಆತು," ಎಂದಳು, ಅರ್ಧ ಅಳು, ಅರ್ಧ ಸಿಟ್ಟು. "ಇನ್ನ ನಾ ಎಲ್ಲಿಂದ ತರಲಿ ಹೇಳ್ರಿ? ಆ ಕಲ್ಲು ಹೆಪ್ಪುಗಟ್ಟಿದ್ದು ತಂದು ತಲಿಗಿ ಬಡಕೊಳ್ಳಲಿ?"

"ಆರ್ಡರ್ ಹೋಗಿದ್ದು ನಿಮ್ಮ ಸಂಸ್ಥೆದು. ನನ್ನ ಅಂಗಡಿ ಬಾಗಲ ತೆರದೇ ಐತಿ. ನಸುಕಿನ್ಯಾಗ ಬಾ, ನಿನ್ನ ಐಸು ನೀನ ತಾ, ನನ್ನ ಎದುರಿಗೇ ನಿಂತು ಇಡಿಸ್ಕೊ."

"ಆ ಮಟನ್ ತಗೊಳ್ಳೂ ಮಂದಿ ನಡುವ ಸಾಲಿನ್ಯಾಗ ನಿಂದರಬೇಕೇನ್ರಿ?"

"ನಿಂದರಬೇಕು," ಎಂದೆ. "ನನ್ನ ಅಂಗಡ್ಯಾಗ ಯಾರಿದ್ರೂ ನಿಂದರತಾರ."